ಮುಚ್ಚಳ ಹಾರಿಸಿದ ಟೊಮೆಟೊ ಸೂಪು

ಚೆನ್ನೈಯ ಮೈಲಾಪೂರಿನಲ್ಲಿರುವ ನಮ್ಮ ಸೋದರತ್ತೆಯ ಅಡುಗೆಮನೆಯಲ್ಲಿ, ಮಿಕ್ಸಿಯ ನೇರಕ್ಕೆ ಮೇಲೆ, ಚಾವಣಿಯಲ್ಲಿ ಕಿತ್ತಳೆ ಬಣ್ಣದ ಒಂದು ಕಲೆ ಇದೆ. ಒದ್ದೆ ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಹೋಗಿಲ್ಲ. ಅದು ನನ್ನ ಕೊಡುಗೆ. ಸೂಪು ಮಾಡಿಕೊಡುತ್ತೇನೆಂದು ಹೊರಟವನು, ಕುಕ್ಕರಿನಿಂದ ಆಗಷ್ಟೇ ತೆಗೆದ ಟೊಮೆಟೊವನ್ನು ಬೆಣ್ಣೆಯ ಸಮೇತ ಜಾರಿಗೆ ಸುರಿದು, ಮುಚ್ಚಳ ಒತ್ತಿ ಹಿಡಿದು ಗುಂಡಿ ತಿರುಗಿಸಿದೆ. ಢಬ್ ಎಂದಿತು. ಅತ್ತೆ ದೇವರ ಮನೆಯಿಂದ ಓಡಿಬಂದು, "ಏನೋ ಇದು, ಮಿಕ್ಸೀಲಿ ಪಟಾಕಿ ಹಚ್ಚಿದ್ಯಾ?" ಎಂದರು.

ಮುಚ್ಚಳವನ್ನು ಎಸೆದದ್ದು ಬ್ಲೇಡು ಅಂದುಕೊಂಡಿದ್ದೆ. ಅಲ್ಲ, ಗಾಳಿ. ಸೂಪಿನ ಮೇಲೆ ಖಾಲಿ ಉಳಿದಿದ್ದ ಜಾಗದಲ್ಲಿ ಇದ್ದದ್ದು ಅಡುಗೆಮನೆಯದೇ ಗಾಳಿ, 30 ಡಿಗ್ರಿ ಅಂದುಕೊಳ್ಳಿ. ಬ್ಲೇಡು ತಿರುಗಿದ್ದೇ ತಡ, 80 ಡಿಗ್ರಿಯ ಸೂಪು ಹನಿಹನಿಯಾಗಿ ಒಡೆದು ಅದರೊಳಗೆ ನುಗ್ಗುತ್ತದೆ. ಕ್ಷಣದಲ್ಲಿ ಗಾಳಿಯೂ ಕಾಯುತ್ತದೆ, ಹಬೆಯೂ ತುಂಬುತ್ತದೆ. ಆ ಬಿಸಿಯಲ್ಲಿ ನೀರಿನ ಹಬೆಯೊಂದೇ ಹೆಚ್ಚುಕಡಿಮೆ ಅರ್ಧ ವಾಯುಮಂಡಲದಷ್ಟು ಒತ್ತಡ ಹಾಕಬಲ್ಲದು. 10 ಸೆಂಟಿಮೀಟರ್ ಅಗಲದ ಮುಚ್ಚಳಕ್ಕೆ ಲೆಕ್ಕ ಹಾಕಿದರೆ ಒಳಗಿನಿಂದ 40 ಕಿಲೋಗೂ ಮೀರಿದ ನೂಕು. ಸುರಿಯುವಾಗಲೇ ಒಂದಿಷ್ಟು ಹಬೆ ಒಳಗೆ ಸೇರಿರುತ್ತದೆ, ಅರ್ಧ ಕಳೆಯಿರಿ. ಉಳಿದದ್ದನ್ನೂ ನನ್ನ ಅಂಗೈ ತಡೆಯುವಂತಿರಲಿಲ್ಲ. ಟೊಮೆಟೊ ಆರುವವರೆಗೆ ಕಾದಿದ್ದರೆ ಇಷ್ಟಾಗುತ್ತಿರಲಿಲ್ಲ. ಆರುವಷ್ಟು ತಾಳ್ಮೆ ಇಲ್ಲದಿದ್ದರೆ ಜಾರಿಗೆ ಅರ್ಧಕ್ಕಿಂತ ಕಡಿಮೆ ಹಾಕಿ, ಮುಚ್ಚಳದ ನಡುವಿನ ಪುಟ್ಟ ಬಿರಡೆ ತೆಗೆದು, ಬಟ್ಟೆ ಮುಚ್ಚಿ ತಿರುಗಿಸಬೇಕು. ಹಬೆಗೊಂದು ದಾರಿ ಸಿಕ್ಕರೆ ಸಾಕು.

ಮಿಕ್ಸಿಯನ್ನು ಸುಮ್ಮನೆ ಬೈಯುವಂತಿಲ್ಲ. ನಮ್ಮ ಮನೆಗಳ ಮಿಕ್ಸಿಯ ಕಥೆ 1963ರದು. ಮುಂಬೈಯಲ್ಲಿ ಸತ್ಯಪ್ರಕಾಶ ಮಾಥುರ್ ಎಂಬ ಇಂಜಿನಿಯರ್, ಹೆಂಡತಿಯ ಜರ್ಮನ್ ಮಿಕ್ಸರ್ ನಮ್ಮ ರುಬ್ಬುವ ಕೆಲಸಕ್ಕೆ ಸುಟ್ಟುಹೋದ ಮೇಲೆ, ತಾವೇ ಗಟ್ಟಿ ಮೋಟಾರು ಹಾಕಿ 'ಸುಮೀತ್' ತಂದರು. ಚೆನ್ನೈಯದೇ ಆದ 'ಪ್ರೀತಿ' ಬಂದದ್ದು 1978ರಲ್ಲಿ. ಒಳಗಿರುವುದು ಯೂನಿವರ್ಸಲ್ ಮೋಟಾರು. ಹೊರಗೆ ನಿಂತ ಸುರುಳಿ, ಒಳಗೆ ತಿರುಗುವ ಸುರುಳಿ, ಎರಡರಲ್ಲೂ ಹರಿಯುವುದು ಒಂದೇ ಕರೆಂಟು. ಮನೆಯ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸಿದರೂ ಎರಡೂ ಸುರುಳಿಗಳ ಕಾಂತಬಲ ಒಟ್ಟಿಗೇ ತಿರುಗುಮುರುಗಾಗುವುದರಿಂದ ಬ್ಲೇಡು ಒಂದೇ ದಿಕ್ಕಿನಲ್ಲಿ ಸುತ್ತುತ್ತದೆ. ತಿರುಗುವ ಸುರುಳಿಗೆ ಕರೆಂಟು ಮುಟ್ಟಿಸುವುದು ಎರಡು ಚಿಕ್ಕ ಕಾರ್ಬನ್ ತುಂಡುಗಳು. ಕತ್ತಲೆಯಲ್ಲಿ ಗಾಳಿಕಿಂಡಿಯೊಳಗೆ ಇಣುಕಿದರೆ ನೀಲಿ ಕಿಡಿ ಕಾಣುವುದು ಅಲ್ಲೇ.

ಭಾರವಿಲ್ಲದೆ ಓಡಿದರೆ ನಿಮಿಷಕ್ಕೆ 18,000 ಸುತ್ತಿನ ಆಸುಪಾಸು. 6 ಸೆಂಟಿಮೀಟರ್ ಅಗಲದ ಬ್ಲೇಡಿನ ತುದಿಗೆ ಅದು ಗಂಟೆಗೆ ಸುಮಾರು 200 ಕಿಲೋಮೀಟರ್. ಗಟ್ಟಿ ಹಿಟ್ಟು ಬಿದ್ದಾಗ ವೇಗ ಇಳಿಯುತ್ತದೆ, ಇಳಿದಷ್ಟೂ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಸುರುಳಿ ಕಾಯುತ್ತದೆ. ಸುಟ್ಟ ವಾಸನೆ ಬರುವ ಮೊದಲೇ ಬುಡದ ಕೆಂಪು ಗುಂಡಿ ಹೊರಗೆ ಬಂದರೆ ನಿಮ್ಮ ಪುಣ್ಯ. ಟೊಮೆಟೊ ಈ ಯಂತ್ರಕ್ಕೆ ಲೆಕ್ಕವೇ ಅಲ್ಲ. ಸಿಪ್ಪೆ ಮಾತ್ರ ಜಗ್ಗುವುದಿಲ್ಲ. ಅದರ ಮೇಣದಂಥ ಹೊರಪದರ ಬೇಯುವುದೂ ಇಲ್ಲ, ನುಣ್ಣಗಾಗುವುದೂ ಇಲ್ಲ. ಹಾಗಾಗಿ ಜರಡಿ ಬೇಕೇ ಬೇಕು. ಜರಡಿಯಲ್ಲಿ ಚಮಚದಿಂದ ಚೆನ್ನಾಗಿ ಒತ್ತಿ ತೆಗೆಯಿರಿ, ಯಾಕೆಂದರೆ ನಾಲಿಗೆಗೆ ರುಚಿ ಹತ್ತಿಸುವ ಗ್ಲುಟಮೇಟ್ ತಿರುಳಿಗಿಂತ ಬೀಜದ ಸುತ್ತಲಿನ ಲೋಳೆಯಲ್ಲೇ ಹೆಚ್ಚು. ಅರೆದಾಗ ಸೂಪು ತೆಳು ಗುಲಾಬಿಗೆ ತಿರುಗಿದರೆ ಗಾಬರಿ ಬೇಡ. ಅದು ಒಳಗೆ ಸೇರಿದ ಗಾಳಿಗುಳ್ಳೆಗಳ ಆಟ. ಒಂದು ಕುದಿ ಬಂದರೆ ಕೆಂಪು ಮರಳುತ್ತದೆ. ಆ ಕೆಂಪು ಲೈಕೋಪೀನಿನದು. ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಸೂಪಿಗೆ ಬೆಣ್ಣೆ ಹಾಕುವುದು ಅದಕ್ಕೆ ಒಳ್ಳೆಯದು; ಚಾವಣಿಯ ಕಲೆ ಒದ್ದೆ ಬಟ್ಟೆಗೆ ಬಗ್ಗದಿರುವುದೂ ಅದಕ್ಕೇ.

ಇನ್ನು ಮುಖ್ಯ ಪ್ರಶ್ನೆ: ಬೇಯಿಸಿ ಅರೆಯುವುದೋ, ಅರೆದು ಬೇಯಿಸುವುದೋ? ಎರಡೂ ಒಂದೇ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಟೊಮೆಟೊವಿನ ರಸ ಮಂದವಾಗಿ ನಿಲ್ಲುವುದು ಪೆಕ್ಟಿನ್‌ನಿಂದ. ಅದನ್ನು ಕತ್ತರಿಸುವ ಕಿಣ್ವಗಳೂ ಅದೇ ಹಣ್ಣಿನಲ್ಲಿವೆ. ಹಸಿ ಹಣ್ಣನ್ನು ಅರೆದರೆ ಎರಡೂ ಕಲೆತು ಕೆಲಸ ಶುರು. ಕೆಲವೇ ನಿಮಿಷಗಳಲ್ಲಿ ರಸ ತೆಳ್ಳಗಾಗಿ, ಮೇಲೆ ನೀರು ಕೆಳಗೆ ಗಸಿ ಎಂದು ಬೇರೆಯಾಗುತ್ತದೆ. ಇಡೀ ಹಣ್ಣನ್ನೇ ಮೊದಲು ಬೇಯಿಸಿದರೆ ಕಿಣ್ವಗಳು ಕೆಡುತ್ತವೆ, ಪೆಕ್ಟಿನ್ ಉಳಿಯುತ್ತದೆ. ಪೇಸ್ಟು ಮಾಡುವ ಕಾರ್ಖಾನೆಗಳು ಜಜ್ಜಿದ ಹಣ್ಣನ್ನು ತಕ್ಷಣ 90 ಡಿಗ್ರಿಗೆ ಏರಿಸುವುದು ಇದಕ್ಕೇ. ಕಾರ್ನ್‌ಫ್ಲೋರ್ ಕದಡಿ ಹಾಕುವವರು, ನನ್ನ ಪ್ರಕಾರ, ಈ ಮೊದಲ ತಪ್ಪಿಗೆ ತೇಪೆ ಹಚ್ಚುತ್ತಿದ್ದಾರೆ.

ಹಣ್ಣಿನ ಜಾತಿಯೂ ಮುಖ್ಯ. ಮೈಲಾಪೂರಿನ ತೆಂಕಣ ಮಾಡ ಬೀದಿಯ ತರಕಾರಿಯವಳು ಕೇಳುವುದೇ "ನಾಟ್ಟಾ, ಬೆಂಗಳೂರಾ?" ಎಂದು. ನಾಟಿ ಹಣ್ಣು ದುಂಡಗೆ, ಹುಳಿ, ನೀರು ನೀರು. ಉದ್ದನೆಯ ಗಟ್ಟಿ ಹೈಬ್ರಿಡ್ಡಿಗೆ ತಮಿಳರು ಇಟ್ಟ ಹೆಸರೇ 'ಬೆಂಗಳೂರು ತಕ್ಕಾಳಿ'. ತಿರುಳು ಹೆಚ್ಚಿರುವ ಅದು ಸೂಪಿಗೆ ಸರಿ. ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ. ಸಾರಿಗೆ ನಾನೂ ನಾಟಿಯನ್ನೇ ಕೊಳ್ಳುತ್ತೇನೆ.

ಅತ್ತೆಗೆ ಸೂಪು ಎಂದರೆ ಒಗ್ಗರಣೆ ಮರೆತ ಸಾರು. ಅವರು ಹಸಿ ನಾಟಿ ಟೊಮೆಟೊವನ್ನು ಕೈಯಲ್ಲಿ ಕಿವುಚಿ, ಪಾತ್ರೆ ಮುಚ್ಚಿಟ್ಟು, ಬೇಳೆ ಬೇಯುವವರೆಗೆ ಹಾಗೇ ಬಿಡುತ್ತಾರೆ. "ಹಾಗೆ ಬಿಡೋದ್ಯಾಕೆ ಅತ್ತೆ?" ಎಂದೆ. "ಅಮ್ಮ ಬಿಡ್ತಿದ್ರು" ಎಂದರು. ಸೂಪು ಕೆಡಿಸುವ ಕಿಣ್ವಗಳು ಆ ಅರ್ಧ ಗಂಟೆಯಲ್ಲಿ ಅಲ್ಲಿ ದುಡಿಯುತ್ತಿರುತ್ತವೆ. ಮುಚ್ಚಳ ತೆಗೆದಾಗ ಗಸಿ ತಳ ಸೇರಿರುತ್ತದೆ. ಅತ್ತೆ ಪಾತ್ರೆಯನ್ನು ಅಲುಗಾಡಿಸದೆ ಓರೆ ಮಾಡಿ, ಮೇಲಿನ ತಿಳಿಯನ್ನಷ್ಟೇ ಸಾರಿನ ಪಾತ್ರೆಗೆ ಬಗ್ಗಿಸಿಕೊಳ್ಳುತ್ತಾರೆ.