ವಿಷ ತಾಗದ ಇಲಿ

ಸತ್ತ ಹಾವು ಕಚ್ಚುವುದಿಲ್ಲವೆಂದು ನಾವು ನಂಬುತ್ತೇವೆ. ರೋಗಾಣುಗಳ ಲೋಕದಲ್ಲಿ ಈ ಮಾತು ನಿಲ್ಲದು. 1892ರಲ್ಲಿ ಬರ್ಲಿನ್ನಿನ ರಿಚರ್ಡ್ ಫೈಫರ್ ಎಂಬ ವಿಜ್ಞಾನಿಗಳು ಕಾಲರಾ ರೋಗಾಣುಗಳನ್ನು ಕಾಯಿಸಿ ಕೊಂದು, ಗಿನಿಪಿಗ್ಗುಗಳ ಮೈಗೆ ಚುಚ್ಚಿದರು, ಅವು ಸತ್ತವು. ವಿಷವು ರೋಗಾಣುವಿನ ಒಡಲೊಳಗೆ ಅಡಗಿದೆಯೆಂದು ಬಗೆದುದರಿಂದ ಅದಕ್ಕೆ ‘ಅಂತರ್ವಿಷ’ವೆಂಬ ಅರ್ಥದ ಹೆಸರು ಬಂತು. ಹೆಸರು ತುಸು ತಪ್ಪು. ಕೊಬ್ಬೂ ಸಕ್ಕರೆಯೂ ಬೆಸೆದ ಈ ವಸ್ತು ಇರುವುದು ಹೊರಕವಚದಲ್ಲಿ. ಆದರೆ ರೂಢಿಗೆ ಬಂದ ಶಬ್ದವನ್ನು ತಿದ್ದುವವರಾರು?

ಈ ವಿಷ ಕೊಲ್ಲುವ ಬಗೆಯನ್ನು ಬಿಟ್ಟುಕೊಟ್ಟದ್ದು ಅಮೆರಿಕದ ಜ್ಯಾಕ್‌ಸನ್ ಪ್ರಯೋಗಶಾಲೆಯ ಒಂದು ಇಲಿವಂಶ. ಬೇರೆ ಇಲಿಗಳನ್ನು ಕೊಲ್ಲುವಷ್ಟು ಅಂತರ್ವಿಷವನ್ನು ಚುಚ್ಚಿದರೂ ಈ ವಂಶದ ಇಲಿಗಳು ಬದುಕಿರುತ್ತಿದ್ದವು. 1960ರ ದಶಕದಲ್ಲಿಯೇ ಇದು ಗಮನಕ್ಕೆ ಬಂದಿತ್ತು. ಮುಂದೆ, ವಿಕಿರಣದಿಂದ ಇಂಥ ಇಲಿಯ ಮಜ್ಜೆಯನ್ನು ನಾಶಮಾಡಿ ಸಾಮಾನ್ಯ ಇಲಿಯ ಮಜ್ಜೆಯನ್ನು ತುಂಬಿ ನೋಡಿದರು. ಆಗ ಅದಕ್ಕೂ ವಿಷ ತಾಗಿತು! ಅಂದರೆ ವಿಷ ತಾನೇ ಕೊಲ್ಲುವುದಲ್ಲ. ಮಜ್ಜೆಯಿಂದ ಹುಟ್ಟುವ ರಕ್ಷಕ ಕಣಗಳು, ಅದರಲ್ಲೂ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕಣಗಳು, ಅದನ್ನು ಗುರುತಿಸಿದೊಡನೆ ಟಿ.ಎನ್.ಎಫ್. ಮೊದಲಾದ ರಸಗಳನ್ನು ಸುರಿಸಿ ಮೈಯೆಲ್ಲ ಕೂಗೆಬ್ಬಿಸುತ್ತವೆ. ಕೂಗು ಮಿತವಾಗಿದ್ದರೆ ರೋಗಾಣುಗಳ ನಾಶಕ್ಕೆ ನೆರವಾಗುತ್ತದೆ. ಮಿತಿಮೀರಿದರೆ ರಕ್ತನಾಳಗಳು ಸೋರಿ, ರಕ್ತದೊತ್ತಡ ಕುಸಿದು, ಪ್ರಾಣಕ್ಕೇ ಸಂಚಕಾರ.

ಹಾಗಾದರೆ ವಿಷ ತಾಗದ ಇಲಿಯೇ ಭಾಗ್ಯಶಾಲಿ ಎನ್ನೋಣವೆ? ಬದುಕಿರುವ ಸಾಲ್ಮೊನೆಲ್ಲ ರೋಗಾಣು ಹೊಕ್ಕಾಗ ನೋಡಬೇಕು ಅದರ ಪಾಡನ್ನು. ಅದೇ ಕುಲದ ಬೇರೆ ಇಲಿಗಳು ತಾಳಿಕೊಳ್ಳುವಷ್ಟು ಸೋಂಕಿಗೆ ಅದು ಸಾಯುತ್ತದೆ. ಕಳ್ಳ ಒಳಹೊಕ್ಕರೂ ಕಾವಲುಗಾರ ಕೂಗುವುದಿಲ್ಲ.

ಕೂಗದಿರಲು ಕಾರಣವನ್ನು 1998ರಲ್ಲಿ ಡಲ್ಲಾಸಿನ ಬ್ರೂಸ್ ಬ್ಯೂಟ್ಲರ್ ಅವರ ತಂಡ ಪತ್ತೆಮಾಡಿತು. ಭಕ್ಷಕ ಕಣದ ಮೇಲೆ ಟಿ.ಎಲ್.ಆರ್.4 ಎಂಬ ಪ್ರೋಟೀನು ಇದೆ. ವಿಷ ಬಂದ ಸುದ್ದಿಯನ್ನು ಕಣದೊಳಕ್ಕೆ ಮುಟ್ಟಿಸುವುದು ಅದೇ. ಈ ಇಲಿಗಳಲ್ಲಿ ಅದರ 712ನೆಯ ಸ್ಥಾನದಲ್ಲಿ ಪ್ರೋಲಿನ್ ಇರಬೇಕಾದೆಡೆ ಹಿಸ್ಟಿಡಿನ್ ಕುಳಿತಿದೆ, ತಪ್ಪು ಅಷ್ಟೇ. ‘ಹಾಲು’ ಬರೆಯಹೋಗಿ ‘ಹಾಳು’ ಬರೆಯುವ ಹುಡುಗರನ್ನು ಬಹುಕಾಲ ತಿದ್ದಿದ ನನಗೆ ಇದೇನೂ ಸಣ್ಣ ತಪ್ಪೆನಿಸಲಿಲ್ಲ. ಬ್ಯೂಟ್ಲರ್ ಅವರಿಗೆ 2011ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಇದೇ ಪ್ರೋಟೀನು ಮನುಷ್ಯರಲ್ಲಿಯೂ ಉಂಟು. ಸೋಂಕಿನ ನಂಜು ಮೈಗೆಲ್ಲ ಏರಿದ ರೋಗಿಗಳಲ್ಲಿ ಇದರ ಬಾಯಿ ಮುಚ್ಚಿಸಿದರೆ ಪ್ರಾಣ ಉಳಿದೀತೆಂದು, ಎರಿಟೊರಾನ್ ಎಂಬ ಔಷಧವನ್ನು ಪರೀಕ್ಷಿಸಿದರು. ಸುಮಾರು 2,000 ರೋಗಿಗಳು ಆ ಪರೀಕ್ಷೆಯಲ್ಲಿದ್ದರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು: ಸಾವು ಕಡಿಮೆಯಾಗಲಿಲ್ಲ. ಇಲಿಗೆ ವಿಷ ಚುಚ್ಚಿದ ಗಳಿಗೆ ಪ್ರಯೋಗಶಾಲೆಯವರಿಗೆ ಗೊತ್ತಿರುತ್ತದೆ. ಆಸ್ಪತ್ರೆಗೆ ಬಂದ ರೋಗಿಯ ಮೈಯಲ್ಲಿ ಕೂಗೆದ್ದು ಎಷ್ಟು ಹೊತ್ತಾಯಿತೆಂಬುದು ವೈದ್ಯರಿಗೆ ತಿಳಿದಿರುವುದಿಲ್ಲ.