ಕಾಯಿಲ್‌ಗೆ, ಗೀಸರ್‌ಗೆ ಪ್ಲಗ್ ಟೈಮರ್ ಹಾಕ್ತೀರಾ? ಮೊದಲು ಇದನ್ನ ಕೇಳಿ

ಇವತ್ತಿನ ಮಾತು ಗೋಡೆ ಸಾಕೆಟ್‌ಗೆ ಸಿಕ್ಕಿಸೋ ಒಂದು ಪುಟ್ಟ ಡಬ್ಬಿ ಬಗ್ಗೆ, ಪ್ಲಗ್ ಟೈಮರ್ ಬಗ್ಗೆ. ದುಂಡಗಿನ ಡಯಲ್, ಅದರ ಸುತ್ತ 96 ಪಿನ್ನು, ಒಂದೊಂದು ಪಿನ್ನಿಗೆ 15 ನಿಮಿಷ. ಯಾವ ಪಿನ್ ಒತ್ತಿರ್ತೀರೋ ಆ ಹೊತ್ತಲ್ಲಿ ಕರೆಂಟ್ ಬಿಡುತ್ತೆ, ಉಳಿದ ಹೊತ್ತು ನಿಲ್ಲಿಸುತ್ತೆ.

ಗೆಳೆಯನ ಜೊತೆ ಬಾಡಿಗೆ ರೂಮಲ್ಲಿದ್ದಾಗ ನಾನು ಇದನ್ನ ನೀರು ಕಾಯಿಸೋ ಕಾಯಿಲ್‌ಗೆ ಹಾಕಿದ್ದೆ. ರಾತ್ರಿನೇ ಬಕೆಟ್ ತುಂಬಿಸಿ, ಕಾಯಿಲ್ ಇಳಿಬಿಟ್ಟು ಮಲಗೋದು. ಬೆಳಿಗ್ಗೆ 5.30ಕ್ಕೆ ಆನ್, 6ಕ್ಕೆ ಆಫ್. ಎರಡು ವಾರ ಸೊಗಸಾಗಿ ನಡೀತು. ಒಂದಿನ 6.20ಕ್ಕೆ ಅವನು ಎದ್ದು ನೋಡಿದ್ರೆ ನೀರಲ್ಲಿ ಹಬೆನೇ ಇಲ್ಲ. 'ಏನೋ ಮಗಾ, ಕಾದೇ ಇಲ್ವಲ್ಲೋ' ಅಂತ ಬಕೆಟ್‌ಗೆ ಕೈ ಹಾಕೋಕೆ ಹೋದ. ಕಾಯಿಲ್ ಹಿಡಿಯ ಕೆಂಪು ದೀಪ ಉರೀತಾ ಇತ್ತು. ನಾನು ಕಿರುಚಿ ಸ್ವಿಚ್ ಆರಿಸಿದೆ.

ಆಗಿದ್ದಿಷ್ಟೇ. ರಾತ್ರಿ ಮುಕ್ಕಾಲು ಗಂಟೆ ಕರೆಂಟ್ ಹೋಗಿತ್ತು. ಡಯಲ್ ತಿರುಗಿಸೋ ಸಣ್ಣ ಮೋಟಾರ್ ನಡೆಯೋದು ಅದೇ ಕರೆಂಟಿನಿಂದ. ಕರೆಂಟ್ ಹೋದ್ರೆ ಗಡಿಯಾರವೂ ನಿಲ್ಲುತ್ತೆ. ಫೋನಿನಲ್ಲಿ 6.20, ಡಯಲ್‌ನಲ್ಲಿ 5.35! ಕಾಯಿಲ್ ಆನ್ ಆಗಿ ಐದೇ ನಿಮಿಷ ಆಗಿತ್ತು. ಕಾಯಿಲ್‌ನಲ್ಲಿ ಸಣ್ಣ ಸೀಳಿದ್ದು, ಅರ್ಥಿಂಗ್ ಸರಿಯಿಲ್ಲದಿದ್ರೆ ಆ ನೀರಿಗೆ ಕೈ ಹಾಕಿದವನ ಗತಿ ಯೋಚಿಸಿ. ಡಿಜಿಟಲ್ ಟೈಮರ್‌ನಲ್ಲಿ ಒಳಗೊಂದು ಬ್ಯಾಟರಿ ಇರೋದ್ರಿಂದ ಹೊತ್ತು ತಪ್ಪಲ್ಲ, ಬ್ಯಾಟರಿ ಚೆನ್ನಾಗಿರೋ ತನಕ. ಸ್ಮಾರ್ಟ್ ಪ್ಲಗ್ ಇದ್ರೆ, ಕರೆಂಟ್ ಹೋಗಿ ಬಂದಾಗ ಅದು ಆನ್ ಆಗುತ್ತಾ ಆಫ್ ಇರುತ್ತಾ ಅಂತ ಒಮ್ಮೆ ಪರೀಕ್ಷೆ ಮಾಡಿ ನೋಡಿ.

ಆದ್ರೆ ಹೊತ್ತು ಸರಿಯಿದ್ರೂ ಟೈಮರ್‌ಗೆ ಬಕೆಟ್‌ನಲ್ಲಿ ನೀರಿದೆಯಾ, ಹೀಟರ್ ಮೇಲೆ ಟವೆಲ್ ಬಿದ್ದಿದೆಯಾ ಅಂತ ಗೊತ್ತಾಗಲ್ಲ. ಹಾಗಾಗಿ ನನ್ನ ಲೆಕ್ಕ ಹೀಗೆ: ಮನೇಲಿ ಯಾರೂ ಇಲ್ಲದಾಗ ತಾನಾಗೇ ಆನ್ ಆದ್ರೆ ಅಪಾಯ ಅನ್ನಿಸೋ ಯಾವುದಕ್ಕೂ ಟೈಮರ್ ಬೇಡ. ಕಾಯಿಲ್, ಇಸ್ತ್ರಿ ಪೆಟ್ಟಿಗೆ, ರೂಮ್ ಹೀಟರ್ ಮೂರೂ ಬೇಡ. ಸೀರಿಯಲ್ ಲೈಟು, ಸೊಳ್ಳೆ ಮಷೀನು, ವೈಫೈ ರೂಟರ್ ಇವಕ್ಕೆಲ್ಲ ಧಾರಾಳವಾಗಿ ಹಾಕಿ.

ಗೀಸರ್ ಕಥೆ ಬೇರೆ. ಟ್ಯಾಂಕ್ ಇರೋ ಗೀಸರ್‌ನಲ್ಲಿ ಥರ್ಮೋಸ್ಟಾಟ್ ಇರುತ್ತೆ, ಸಾಕಷ್ಟು ಕಾದ ಮೇಲೆ ತಾನೇ ನಿಲ್ಲುತ್ತೆ. ಅಲ್ಲಿ ನೋಡಬೇಕಾದ್ದು ಆಂಪ್ಸ್. ವಾಟ್ಸನ್ನ 230ರಿಂದ ಭಾಗಿಸಿ. 2000 ವಾಟ್‌ನ ಗೀಸರ್ ಸುಮಾರು 8.7 ಆಂಪ್ಸ್ ಎಳೆಯುತ್ತೆ, 3000 ವಾಟ್‌ದು 13. ಟೈಮರ್ ಹಿಂದೆ 10 ಎ ಅಂತ ಬರೆದಿದ್ರೆ ಎರಡನೇದಕ್ಕೆ ಆಗಲ್ಲ, 16 ಎ ಬೇಕು. ಗೀಸರ್‌ನ ದಪ್ಪ ಪ್ಲಗ್ಗನ್ನ ಅಡಾಪ್ಟರ್ ಹಾಕಿ 6 ಆಂಪ್ ಸಾಕೆಟ್‌ಗೆ ಸಿಕ್ಕಿಸೋದು, ಟೈಮರನ್ನ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕೋದು ಎರಡನ್ನೂ ದಯವಿಟ್ಟು ಮಾಡಬೇಡಿ. ಕೆಲವು ಟೈಮರ್ ಮೇಲೆ 16(2)ಎ ಅಂತಿರುತ್ತೆ. ಬ್ರಾಕೆಟ್‌ನ ಆ 2 ಮೋಟಾರ್ ಇರೋ ಸಾಮಾನಿಗೆ. ನೀರಿನ ಪಂಪು ಶುರುವಾಗೋವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತೆ. ಟೈಮರ್ ಒಳಗಿನ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಂಡ್ರೆ ಪಂಪು ಆಫೇ ಆಗಲ್ಲ.

ಹಾಕಿದ ಮೊದಲ ದಿನ ಅರ್ಧ ಗಂಟೆ ನಡೆಸಿ, ಸ್ವಿಚ್ ಆರಿಸಿ, ಒಣಗಿದ ಕೈಯಲ್ಲಿ ಟೈಮರ್ ಮುಟ್ಟಿ ನೋಡಿ. ಬೆಚ್ಚಗಿದ್ರೆ ಪರವಾಗಿಲ್ಲ, ಕೈ ಇಡೋಕಾಗ್ದಷ್ಟು ಬಿಸಿಯಿದ್ರೆ, ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದ್ರೆ ತೆಗೆದುಬಿಡಿ. ರಿಪೇರಿಗೆ, ಕ್ಲೀನಿಂಗಿಗೆ ಟೈಮರ್ ಆಫ್ ಇದ್ರೆ ಸಾಲದು, ಪ್ಲಗ್ ಕೀಳಲೇಬೇಕು. ಮನೆ ಮೇನ್ ಬೋರ್ಡಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯಾ ಅಂತ ಓನರ್‌ನ ಕೇಳಿ. ಶಾಕ್ ಹೊಡೆದಾಗ ಕರೆಂಟ್ ಕಡಿಯೋದು ಅದು, ಎಂಸಿಬಿ ಅಲ್ಲ.

ನನ್ನ ಆ ಟೈಮರ್ ಈಗ ಬಾಲ್ಕನಿಯ ಸೀರಿಯಲ್ ಲೈಟಿಗಿದೆ. ಕರೆಂಟ್ ಹೋಗಿ ಬಂದ್ರೆ ಲೈಟು ತಡವಾಗಿ ಹತ್ತುತ್ತೆ, ಅಷ್ಟೇ.