ಹಿತ್ತಲ ಹೊಂಡ ತಿಳಿಯಾಗಲಿ



ನಿಮ್ಮ ಹಿತ್ತಲ ಹೊಂಡದ ನೀರು ಹಸಿರುಗಟ್ಟಿದೆಯೇ? ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆಯೇ? ಹಾಗಿದ್ದರೆ ಮೊದಲು ಕೊಟ್ಟಿಗೆಯ ಕಡೆ ನೋಡಿ. ಸಗಣಿ, ಗಂಜಲ ತೊಳೆದ ನೀರು ಹೊಂಡ ಸೇರಿದರೆ ಪಾಚಿ ಹೆಚ್ಚುತ್ತದೆ. ರಾತ್ರಿ ಹೊತ್ತು ಪಾಚಿಯೂ ನೀರಿನ ಆಮ್ಲಜನಕವನ್ನೇ ಬಳಸುವುದರಿಂದ ಮೀನಿಗೆ ಉಸಿರು ಕಟ್ಟುತ್ತದೆ.

ಕೊಟ್ಟಿಗೆಯ ನೀರನ್ನು ನೇಪಿಯರ್ ಹುಲ್ಲಿಗೆ ತಿರುಗಿಸಿ. ಬೇಸಿಗೆಯಲ್ಲಿ ಹೊಂಡ ಬರಿದು ಮಾಡಿ, ಹೂಳೆತ್ತಿ, ತಳ ಬಿರುಕು ಬಿಡುವವರೆಗೆ ಒಣಗಿಸಿ. ಹೂಳು ಮೇವಿನ ಬೆಳೆಗೆ ಗೊಬ್ಬರವಾಗುತ್ತದೆ. ಒಣಗಿದ ತಳಕ್ಕೆ ಗುಂಟೆಗೆ 2ರಿಂದ 3 ಕೆ.ಜಿ. ಕೃಷಿ ಸುಣ್ಣ ಎರಚಿ.

ಮಳೆನೀರು ಬರುವ ದಾರಿಯಲ್ಲಿ ಸೋಸುವ ಗುಂಡಿ ತೋಡಿ. ಕೆಳಗೆ ದಪ್ಪ ಜಲ್ಲಿ, ನಡುವೆ ಸಣ್ಣ ಜಲ್ಲಿ, ಮೇಲೆ ಮರಳು ಹಾಕಿ. ನೀರು ಮೇಲಿಂದ ಇಳಿದು ತಳದ ಪೈಪಿನಿಂದ ಹೊಂಡ ಸೇರಲಿ. ನೀರು ಇಳಿಯುವುದು ನಿಧಾನವಾದರೆ ಮರಳು ತೆಗೆದು ತೊಳೆದು ಹಾಕಿ. ಅಂಚಿನಲ್ಲಿ ಕೆಸು, ಜೊಂಡು ಬೆಳೆಸಿ. ಅವು ಪಾಚಿಗೆ ಸಿಗುವ ಗೊಬ್ಬರದ ಅಂಶವನ್ನು ಹೀರಿಕೊಳ್ಳುತ್ತವೆ. ಅಂತರಗಂಗೆ ಮಾತ್ರ ಬೇಡ, ಅದು ಇಡೀ ಹೊಂಡವನ್ನೇ ಮುಚ್ಚಿಬಿಡುತ್ತದೆ.

ನೀರು ತುಂಬಿ ಎರಡು ವಾರ ಕಳೆದ ಮೇಲೆ ಕಾಟ್ಲಾ, ರೋಹು ಮರಿಗಳನ್ನು ಬಿಡಿ.

ಎರಡು ಎಚ್ಚರಿಕೆ: ಉಣ್ಣೆಗೆ ಬಳಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಔಷಧ ಮೀನಿಗೆ ವಿಷ. ಔಷಧ ಹಚ್ಚಿದ ರಾಸುವನ್ನು ಹೊಂಡದ ಬಳಿ ತೊಳೆಯಬೇಡಿ. ಹಸಿರುಗಟ್ಟಿದ ನೀರನ್ನು ರಾಸುಗಳಿಗೆ ಕುಡಿಸಬೇಡಿ. ಕೆಲವು ನೀಲಿ-ಹಸಿರು ಪಾಚಿಗಳ ವಿಷ ಹಸುವಿನ ಜೀವವನ್ನೇ ತೆಗೆಯಬಲ್ಲದು.

ಮಕ್ಕಳು, ಕರುಗಳು ಜಾರಿ ಬೀಳದಂತೆ ಹೊಂಡದ ಸುತ್ತ ಬೇಲಿ ಇರಲಿ.